ಮೊದಲ ಬಸ್ಸಿನ ಬುತ್ತಿ

ದತ್ತವಾಡದ ಮೊದಲ ಎಸ್.ಟಿ. ಬಸ್ಸು ಇಚಲಕರಂಜಿ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ನಾವು ಹತ್ತು-ಹನ್ನೆರಡು ಹುಡುಗರು ಬುತ್ತಿಗಾಗಿ ಕಾಯುತ್ತ ನಿಂತಿರುತ್ತಿದ್ದೆವು. ಇಳಿಯುವವರೆಲ್ಲ ಇಳಿದ ಮೇಲೆ ಕಂಡಕ್ಟರರು ಡ್ರೈವರ್ ಸೀಟಿನ ಹಿಂದಿನ ಸಂದಿಯಿಂದ ಒಂದೊಂದೇ ಡಬ್ಬಿ ಎತ್ತಿ ಕಿಟಕಿಯಿಂದ ಚಾಚುತ್ತಿದ್ದರು. ಕೆಲವು ಡಬ್ಬಿಗಳ ಮೇಲೆ ಬಣ್ಣದಲ್ಲಿ ಹೆಸರು ಬರೆದಿರುತ್ತಿತ್ತು. ನನ್ನ ಡಬ್ಬಿಗೆ ಹೆಸರಿರಲಿಲ್ಲ. ಅವ್ವ ಓದು ಬರಹ ಕಲಿತವಳಲ್ಲ. ಹಸಿರಂಚಿನ ಹಳೇ ಸೀರೆಯ ತುಂಡಿನಲ್ಲಿ ಡಬ್ಬಿ ಕಟ್ಟಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಕಳಿಸುತ್ತಿದ್ದಳು. ಆ ಜೋಡುಗಂಟೇ ನನ್ನ ಗುರುತು. ಕಂಡಕ್ಟರರು ಎಷ್ಟು ಸಲ ಬದಲಾದರೂ ಹಸಿರಂಚು ಕಂಡ ಕೂಡಲೇ ಅವರ ಕೈ ನನ್ನ ಕಡೆಗೇ ಬರುತ್ತಿತ್ತು.

ನಮ್ಮ ಕಡೆ ಪಟ್ಟಣದಲ್ಲಿ ಓದುವ, ದುಡಿಯುವ ಮಕ್ಕಳಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಊಟ ಕಳಿಸುವುದು ಹಳೇ ರೂಢಿ. ಕೊಲ್ಹಾಪುರದ ಸ್ಟ್ಯಾಂಡಿನಲ್ಲೂ ಇದೇ ನೋಟ. ಪಟ್ಟಣದವರು ಅದನ್ನು ‘ಡಬಾ’ ಎನ್ನುತ್ತಿದ್ದರು. ಅವ್ವನ ಬಾಯಲ್ಲಿ ಅದು ಕೊನೆಯವರೆಗೂ ‘ಬುತ್ತಿ’ಯೇ.

ದತ್ತವಾಡ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಊರು, ದೂಧಗಂಗೆಯ ದಂಡೆಯ ಮೇಲಿದೆ. ನದಿಯ ಆಚೆ ದಂಡೆ ಬೆಳಗಾವಿ ಜಿಲ್ಲೆ. ಆಚೆ ಮಲಿಕವಾಡ, ಸದಲಗಾ, ಈಚೆ ನಾವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಾನು ಕನ್ನಡ ಅಕ್ಷರ ಕಲಿತದ್ದು ಸದಲಗಾದ ಸೋದರಮಾವನ ಮನೆಯಲ್ಲಿ, ಬೇಸಿಗೆ ರಜೆಯಲ್ಲಿ. ಮಾವ ಹುಬ್ಬಳ್ಳಿಯಿಂದ ಬರುತ್ತಿದ್ದ ‘ಕಸ್ತೂರಿ’ಯ ಹಳೇ ಸಂಚಿಕೆಗಳನ್ನು ಕಟ್ಟಿಟ್ಟಿದ್ದರು. ಅವನ್ನು ಕೂಡಿಸಿ ಕೂಡಿಸಿ ಓದಿದೆ. ಈಗ ಮಲಿಕವಾಡಕ್ಕೆ ಸೇತುವೆ ಇದೆ. ಮಳೆ ಜೋರಾದ ವರ್ಷ ಅದು ನೀರೊಳಗೆ ಹೋಗುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ನಮ್ಮ ಊರಿನ ಹೆಸರು ಹೊರಗಿನವರ ಕಿವಿಗೆ ಬೀಳುವುದು ಬಹುಶಃ ಆವಾಗಲೇ.

1985ರ ದೀಪಾವಳಿ ಮುಗಿದ ಮೇಲೆ ನಾನು ಇಚಲಕರಂಜಿಗೆ ಹೋದೆ. ಹೊಲ ಸಾಕಾಗುತ್ತಿರಲಿಲ್ಲ, ಅಣ್ಣಂದಿರಿಬ್ಬರಿಗೇ ಅದು ಕಡಿಮೆ ಬೀಳುತ್ತಿತ್ತು. ನಮ್ಮ ಸುತ್ತಿನ ಹಳ್ಳಿಯ ಹುಡುಗರಿಗೆ ಆಗ ಒಂದೇ ದಾರಿ: ಮಾಗ. ಮಗ್ಗಕ್ಕೆ ಅಲ್ಲಿ ಹಾಗೇ ಅನ್ನುವುದು. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರ ಎಂಬುವವರು ಆ ಊರಿಗೆ ಮೊದಲ ಯಂತ್ರದ ಮಗ್ಗ ತಂದರಂತೆ. ಎಂಬತ್ತು ವರ್ಷದ ಮೇಲೆ ನಾನು ಹೋದಾಗ ಓಣಿ ಓಣಿಯ ಗೋಡೆಯ ಹಿಂದೆ ಖಟ್‌ಖಟ್ ಶಬ್ದ. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಊರಿಗೆ ಹೆಸರು ಬಂದಾಗಿತ್ತು. ನಾವು ಇದ್ದದ್ದು ವಿಕ್ರಮನಗರದ ಕಡೆ, ತಗಡಿನ ಮಾಡಿನ ಒಂದು ಖೋಲಿಯಲ್ಲಿ. ನಾವು ಅಂದರೆ ನಾನು ಮತ್ತು ನನ್ನ ಜೋಡಿದಾರ. ಅವನು ಸದಲಗಾದವನು, ಮಾವನ ಮನೆಯ ಓಣಿಯವನೇ. ನದಿ ದಾಟಿ, ರಾಜ್ಯ ದಾಟಿ ಮಗ್ಗಕ್ಕೆ ಬಂದಿದ್ದ. ಅವನ ಊರಿನಿಂದ ಬುತ್ತಿ ಬರುವ ಅನುಕೂಲ ಇರಲಿಲ್ಲ. ಒಂದು ತಿಂಗಳು ಅವ್ವ ನನಗೆ ಮೂರು ರೊಟ್ಟಿ ಕಳಿಸಿದಳು. ಜೋಡಿದಾರನ ವಿಷಯ ಗೊತ್ತಾದ ಮೇಲೆ ಆರು. ಅದಕ್ಕೊಂದು ಮಾತೂ ಆಡಲಿಲ್ಲ, ಬಟ್ಟೆಯ ಗಂಟು ಮಾತ್ರ ಸ್ವಲ್ಪ ದಪ್ಪಗಾಯಿತು.

12 ತಾಸಿನ ಪಾಳಿ. ಒಬ್ಬೊಬ್ಬನ ಮೈಮೇಲೆ ನಾಲ್ಕು ಮಾಗ. ಧೋಟಾ, ಅಂದರೆ ಲಾಳಿ, ಆ ಕಡೆಯಿಂದ ಈ ಕಡೆ ಬಡಿಯುತ್ತಲೇ ಇರುತ್ತದೆ. ಒಳಗೆ ಮಾತು ಕೇಳುವುದಿಲ್ಲ. ಹೀಗಾಗಿ ಎಲ್ಲರದೂ ಕೈಸನ್ನೆ. ಕಾಂಡಿ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ, ಮುಗಿಯಿತು ಅನ್ನಲಿಕ್ಕೆ ಎರಡು ಬೆರಳು ತಿರುವುವುದು, ನೂಲು ಹರಿಯಿತು ಅನ್ನಲಿಕ್ಕೆ ಕತ್ತರಿಯ ಹಾಗೆ ಮಾಡುವುದು, ಮಗ್ಗ ರಿಪೇರಿಯ ಜಾಬರನನ್ನು ಕರೆಯಲಿಕ್ಕೆ ನೆತ್ತಿ ಮುಟ್ಟಿಕೊಳ್ಳುವುದು. ಕನ್ನಡದವರು, ಮರಾಠಿಯವರು, ಉತ್ತರಪ್ರದೇಶದ ಕಡೆಯವರು ಎಲ್ಲರೂ ಅದೇ ಸನ್ನೆಯಲ್ಲಿ 12 ತಾಸು ಕಳೆಯುತ್ತಿದ್ದೆವು. ಹೊರಗೆ ಬಂದ ಮೇಲೂ ಅರ್ಧ ತಾಸು ಕಿವಿಯೊಳಗೆ ಮಾಗ ಬಡಿಯುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಅಂಚಿಗೆ, ಮೂಗಿನ ಒಳಗೆ ಹತ್ತಿಯ ಧೂಳು.

ರಾತ್ರಿಪಾಳಿ ಬಿಟ್ಟು ಹಾಗೇ ಬಿಳಿ ಹುಬ್ಬಿನಲ್ಲಿ ನಾವು ಮೊದಲು ಹೋಗುತ್ತಿದ್ದದ್ದು ಸ್ಟ್ಯಾಂಡಿಗೆ, ಅಲ್ಲಿಂದ ಬುತ್ತಿ ಹಿಡಿದುಕೊಂಡು, ಎಲ್ಲರೂ ‘ಮಾಮಾ’ ಎನ್ನುತ್ತಿದ್ದ ಮಿಸಳ ಮಾರುವವರ ಗಾಡಾಕ್ಕೆ.

ಗಾಡಾ ಅಂದರೆ ನಾಲ್ಕು ಸೈಕಲ್ ಗಾಲಿಯ ತಳ್ಳುಗಾಡಿ. ಅದಕ್ಕೆ ಹೆಸರಿನ ಬೋರ್ಡು ಇರಲಿಲ್ಲ. ಒಂದು ಕಡೆ ಇದ್ದಿಲಿನ ಶೇಗಡಿ, ಅದರ ಮೇಲೆ ತಳ ಕರ್ರಗಾದ ದೊಡ್ಡ ಪಾತೇಲಿ, ಅದರಲ್ಲಿ ಕಟ್. ಮಿಸಳದ ಜೀವ ಇರುವುದು ಆ ಕಟ್‌ನಲ್ಲಿ. ಹುರಿದ ಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಖಾರ ಅರೆದು ಎಣ್ಣೆಯಲ್ಲಿ ಕುದಿಸಿದ ತಿಳಿಸಾರು. ಅದರ ಮೇಲೆ ಬೆರಳು ದಪ್ಪ ಕೆಂಪು ಎಣ್ಣೆ ನಿಂತಿರುತ್ತದೆ, ಅದಕ್ಕೆ ತರ್ರಿ ಅನ್ನುತ್ತಾರೆ. ಅಗಲ ತಾಟಿನಲ್ಲಿ ಮೊದಲು ಮೊಳಕೆ ಮಡಕಿಕಾಳಿನ ಉಸಳ, ಮೇಲೆ ಆಲೂಗಡ್ಡೆ ಪಲ್ಯ, ಅದರ ಮೇಲೆ ಒಂದು ಮುಷ್ಟಿ ಚಿವಡಾ-ಶೇವು, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ. ಆಮೇಲೆ ಸೌಟು ಕಟ್‌ಗೆ ಇಳಿಯುತ್ತದೆ. ಮಾಮಾ ಸೌಟಿನ ಹಿಂಭಾಗದಿಂದ ತರ್ರಿಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ, ತೆರವಾದ ಜಾಗದಲ್ಲಿ ಸೌಟು ಮುಳುಗಿಸಿ ತಿಳಿಯನ್ನಷ್ಟೇ ಎತ್ತುತ್ತಿದ್ದರು. ಮಕ್ಕಳಿಗೆ, ಮುದುಕರಿಗೆ, ಹೊಸಬರಿಗೆ ಅದು. ನಮ್ಮಂಥವರಿಗೆ ತರ್ರಿಯ ಮೇಲೇ ಸೌಟು ಅದ್ದಿ ತಾಟಿನ ತುಂಬ ಕೆಂಪಗೆ ಸುರಿಯುತ್ತಿದ್ದರು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಮೂಗು, ಮೂರನೆಯದಕ್ಕೆ ಕಿವಿಯೊಳಗಿನ ಮಾಗ ನಿಂತಿತು ಅನ್ನಿಸುತ್ತಿತ್ತು.

ಮುಂಬೈ, ಪುಣೆಯ ಕಡೆ ಮಿಸಳಕ್ಕೆ ಪಾವ್ ಕೊಡುತ್ತಾರೆ. ನಮ್ಮ ಕೊಲ್ಹಾಪುರ ಸೀಮೆಯಲ್ಲಿ ಬ್ರೆಡ್ಡಿನ ತುಂಡು. ಎರಡು ತುಂಡು ಬ್ರೆಡ್ಡಿನಿಂದ ರಾತ್ರಿಪಾಳಿಯವನ ಹೊಟ್ಟೆ ತುಂಬುವುದಿಲ್ಲ. ನಾವಿಬ್ಬರೂ ಸೇರಿ ಒಂದೇ ಮಿಸಳ ಹೇಳುತ್ತಿದ್ದೆವು. ಅಷ್ಟೇ ರೊಕ್ಕ ಇರುತ್ತಿತ್ತು. ಆ ಮೊದಲ ದಿನ ಇವತ್ತಿಗೂ ಕಣ್ಣಮುಂದಿದೆ. ಬ್ರೆಡ್ಡು ಮುಗಿದು ಹೋಯಿತು, ತಾಟಿನಲ್ಲಿ ಕಟ್ ಉಳಿದಿತ್ತು. ಜೋಡಿದಾರ ನನ್ನ ಮುಖ ನೋಡಿದ, ನಾನು ಬುತ್ತಿಯ ಕಡೆ ನೋಡಿದೆ. ಬೇರೆಯವರ ಅಂಗಡಿಯಲ್ಲಿ ಕೂತು ಮನೆಯ ರೊಟ್ಟಿ ಬಿಚ್ಚುವುದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಹಸಿವು ತಡೆಯಲಿಲ್ಲ. ಗಂಟು ಬಿಚ್ಚಿದೆ. ಜೋಳದ ರೊಟ್ಟಿ ನಡುವೆ ಮಡಚಿ ಇಟ್ಟಿದ್ದಳು, ಇನ್ನೂ ಬೆಚ್ಚಗಿತ್ತು. ಮುರಿದು ಕಟ್‌ನಲ್ಲಿ ಅದ್ದಿ ಬಾಯಿಗಿಟ್ಟೆವು. ತಲೆ ಎತ್ತಿದರೆ ಮಾಮಾ ಎದುರಿಗೆ ನಿಂತಿದ್ದಾರೆ, ಕೈಯಲ್ಲಿ ಸೌಟು. ಬೈಯುತ್ತಾರೆ ಅಂದುಕೊಂಡೆ. ಅವರು ತಾಟಿಗೆ ಇನ್ನೊಂದು ಸೌಟು ಕಟ್ ಹಾಕಿ, “ಭಾಕರೀ ಕುಣಾಚೀ?” ಎಂದರು. ಯಾರು ಮಾಡಿದ ರೊಟ್ಟಿ ಇದು?

“ಆಯೀಚೀ” ಎಂದೆ. ನನ್ನ ಅವ್ವನದು.

ಅವರು ಒಂದು ಚೂರು ಮುರಿದುಕೊಂಡು ಬಾಯಿಗೆ ಹಾಕಿ ಅಗಿದರು. ಜೋಳದ ರೊಟ್ಟಿ ತಿನ್ನುವವರಿಗೆ ಗೊತ್ತು, ಒಳ್ಳೆಯ ರೊಟ್ಟಿ ತಣ್ಣಗಾದ ಮೇಲೂ ಅಂಚು ಬಿರುಕು ಬಿಡುವುದಿಲ್ಲ. ಮಾಮಾ ಅಂಚನ್ನೇ ಮುರಿದು ನೋಡಿದ್ದರು. ತಲೆ ಆಡಿಸಿ ಹೋದರು. ಆವತ್ತಿನಿಂದ ನಮ್ಮ ರೂಢಿ ಬಿದ್ದಿತು. ಇಬ್ಬರಿಗೆ ಒಂದು ಮಿಸಳ, ಅವ್ವನ ನಾಲ್ಕು ರೊಟ್ಟಿ, ಉಳಿದೆರಡು ಸಂಜೆಗೆ. ಕಟ್ ಮಾತ್ರ ಎಷ್ಟು ಬೇಕಾದರೂ. ಕೇಳಲಿಕ್ಕೆ ಬಾಯಿ ಬೇಕಿರಲಿಲ್ಲ, ಮಾಗದ ಸನ್ನೆಯಲ್ಲೇ ಅಂಗೈ ಬಗ್ಗಿಸಿ ಸುರಿದ ಹಾಗೆ ಮಾಡಿದರೆ ಸಾಕು. ಆ ಗಾಡಾದ ಸುತ್ತ ಬೆಳಿಗ್ಗೆ ಮೂವತ್ತು ಜನ ನಿಂತಿದ್ದರೆ ಮೂವತ್ತೂ ಕೈ ಹಾಗೇ ಮಾತಾಡುತ್ತಿದ್ದವು. ಯಾವನು ಯಾವ ಭಾಷೆಯವನು ಎಂದು ತಿಳಿಯುತ್ತಿದ್ದದ್ದು ಅವನು ಉಂಡು ಹೊರಟಾಗಲೇ.

ಆ ವರ್ಷ ಊರಿಗೆ ಹೋದಾಗ ಅವ್ವನಿಗೆ ಕಟ್‌ನ ವರ್ಣನೆ ಮಾಡಿದೆ. ಮಗ ಹೊರಗಿನದನ್ನು ಹೊಗಳಿದರೆ ತಾಯಿಗೆ ಹೇಗಾಗುತ್ತದೆಂದು ಆಗ ಬುದ್ಧಿ ಇರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: “ಅದರಾಗ ಏನೇನ ಹಾಕತಾರ?” ನನಗೆ ಹೇಳಲು ಬರಲಿಲ್ಲ. “ಹಂಗಾರ ತಗೊಂಬಾ ಒಂದಿಷ್ಟು” ಎಂದಳು.

ಖಾಲಿ ಡಬ್ಬಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುತ್ತಿತ್ತು. ಮರುವಾರ ಅದರ ಮೇಲಿನ ತಾಳಿಯಲ್ಲಿ ಕಟ್ ತುಂಬಿ ಕಳಿಸಿದೆ. ಮಾಮಾಗೆ ಯಾರಿಗೆಂದು ಹೇಳಿದ್ದೆ. ಅವರು ತರ್ರಿ ಸರಿಸಿ, ಪಾತೇಲಿಯ ತಳದಿಂದ ಗಟ್ಟಿಯಾದದ್ದನ್ನು ತೆಗೆದು ಹಾಕಿದರು. ಎರಡು ದಿನ ಅವ್ವನಿಂದ ಏನೂ ಸುದ್ದಿ ಇಲ್ಲ. ಮೂರನೇ ದಿನ ಊರಿನಿಂದ ಬಂದವರೊಬ್ಬರು ಅವಳ ಮಾತು ತಂದರು. ಕಟ್ ಚೆನ್ನಾಗಿದೆ, ಕೊಬ್ಬರಿ ಚೆನ್ನಾಗಿ ಹುರಿದಿದ್ದಾರೆ, ಆದರೆ ಖಾರ ಪೇಟೆಯದು, ಹಳೇದು, ಸುವಾಸನೆ ಹೋಗಿದೆ. ಅವತ್ತಿನ ಬುತ್ತಿಯ ಕೆಳತಾಳಿ ತೆರೆದರೆ ಅದರಲ್ಲಿ ಪಲ್ಯ ಇರಲಿಲ್ಲ. ಒತ್ತಿ ತುಂಬಿದ ಖಾರ ಇತ್ತು.

ಈ ಖಾರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಕೊಲ್ಹಾಪುರಿ ಚಟ್ನಿ, ಕಾಂದಾ-ಲಸೂಣ ಮಸಾಲೆ ಎಂದು ಈಗ ಪಾಕೀಟಿನಲ್ಲಿ ದೇಶದ ತುಂಬ ಮಾರುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಬರೀ ಖಾರ ಅನ್ನುವುದು. ಚೈತ್ರ-ವೈಶಾಖದ ಬಿಸಿಲಿನಲ್ಲಿ ವರ್ಷಕ್ಕೊಮ್ಮೆ ಮಾಡುವುದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ. ಸಂಕೇಶ್ವರಿ ಮೆಣಸಿನಕಾಯಿಯ ಹೆಸರು ಕರ್ನಾಟಕದ ಸಂಕೇಶ್ವರದ್ದು, ಅದರ ದೊಡ್ಡ ಪೇಟೆ ಮಹಾರಾಷ್ಟ್ರದ ಗಡಹಿಂಗ್ಲಜದ್ದು. ಅಪ್ಪ ವರ್ಷವೂ ಅಲ್ಲಿಂದಲೇ ತರುತ್ತಿದ್ದರು. ಉದ್ದಕ್ಕೆ, ಸಣ್ಣಗೆ, ಸುಕ್ಕುಗಟ್ಟಿದ ಕಾಯಿ. ಕೈಯಲ್ಲಿ ಮುರಿದರೆ ಬೀಜ ಸದ್ದು ಮಾಡಬೇಕು. ಮೂರು ದಿನ ಮಾಳಿಗೆಯ ಮೇಲೆ ಒಣಗಿಸಿ ತೊಟ್ಟು ಮುರಿಯುವುದು ಮಕ್ಕಳ ಕೆಲಸ. ಆಮೇಲೆ ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು, ಗಸಗಸೆ, ಲವಂಗ, ದಾಲ್ಚಿನ್ನಿ, ತಮಾಲಪತ್ರ, ದಗಡಫೂಲ, ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಗಸಗಸೆ ಸೀದುಹೋಗುತ್ತದೆ, ಲವಂಗ ಹಸಿ ಉಳಿಯುತ್ತದೆ. ಉಳ್ಳಾಗಡ್ಡಿಯನ್ನು ಬಿಸಿಲಿಗೆ ಹಾಕಿ ಎಣ್ಣೆಯಲ್ಲಿ ಕರ್ರಗಾಗುವ ತನಕ ಕರಿಯಬೇಕು. ಎಲ್ಲವನ್ನೂ ಹೊತ್ತುಕೊಂಡು ಖಾರ ಕುಟ್ಟುವ ಡಂಕಕ್ಕೆ ಹೋದರೆ ಅಲ್ಲಿ ಓಣಿಯ ಹೆಂಗಸರೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡು ಸರದಿಯಲ್ಲಿ ಕೂತಿರುತ್ತಾರೆ. ಕಬ್ಬಿಣದ ಒನಕೆಗಳು ಏರಿ ಇಳಿದು ಕುಟ್ಟುತ್ತವೆ, ಸುತ್ತಲಿನ ನಾಲ್ಕು ಮನೆಯವರು ಸೀನುತ್ತಾರೆ. ಕುಟ್ಟಿ, ಜರಡಿ ಹಿಡಿದು, ಮನೆಗೆ ತಂದು ಭರಣಿಯಲ್ಲಿ ಅಂಗೈಯಿಂದ ಒತ್ತಿ ತುಂಬಿ, ಮೇಲೆ ಇಂಗಿನ ಹರಳು ಇಟ್ಟು ಬಟ್ಟೆ ಕಟ್ಟಿದರೆ ಮುಂದಿನ ವರ್ಷದವರೆಗೆ ಹುಳ ಬೀಳುವುದಿಲ್ಲ.

ನಮ್ಮ ಮನೆಯಲ್ಲಿ ಭರಣಿ ಎರಡು. ನಾವು ಜೈನರು. ಒಂದರಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿದ್ದು, ಇನ್ನೊಂದರಲ್ಲಿ ಹಾಕದ್ದು. ಎರಡನೆಯದು ಚಾತುರ್ಮಾಸಕ್ಕೆ, ಪರ್ವದ ದಿನಗಳಿಗೆ, ಮನೆಗೆ ವ್ರತದವರು ಬಂದಾಗ. ಅವ್ವ ಮಾಮಾಗೆ ಕಳಿಸಿದ್ದು ಮೊದಲ ಭರಣಿಯದು.

ನಾನು ತಾಳಿ ಹಾಗೇ ಒಯ್ದು ಗಾಡಾದ ಮೇಲೆ ಇಟ್ಟೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ನಿಮ್ಮ ಖಾರ ಹಳೇದಂತೆ ಎಂದು ಹೇಗೆ ಹೇಳುವುದು? ಮಾಮಾ ಚಿಟಿಕೆ ತೆಗೆದು ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು, ವರ್ಷಕ್ಕೆ ಎಷ್ಟು ಕಿಲೋ ಮಾಡುತ್ತಾರೆ ನಿಮ್ಮ ಆಯಿ ಎಂದು.

ಅಲ್ಲಿಂದ ಮುಂದೆ ಆರು ವರ್ಷ ಅವರಿಬ್ಬರ ಮಾತುಕತೆ ಡಬ್ಬಿಯಲ್ಲಿ ನಡೆಯಿತು. ಅವ್ವನಿಗೆ ಮರಾಠಿ ಅರ್ಧಂಬರ್ಧ, ಮಾಮಾಗೆ ಕನ್ನಡ ಸುತಾರಾಂ ಬಾರದು. ಒಬ್ಬರನ್ನೊಬ್ಬರು ನೋಡಿರಲಿಲ್ಲ. ಬೇಸಿಗೆಯಲ್ಲಿ ಮಾಮಾ ರೊಕ್ಕ ಕಳಿಸುತ್ತಿದ್ದರು, ಅವ್ವ ಮನೆಯ ಖಾರದ ಜೊತೆಗೇ ಅವರದನ್ನೂ ಕುಟ್ಟಿಸುತ್ತಿದ್ದಳು. ಲೆಕ್ಕ ಪೈಸೆಗೆ ಪೈಸೆ. ಉಳಿದ ಚಿಲ್ಲರೆ ಚೀಟಿಯಲ್ಲಿ ಸುತ್ತಿ ಖಾರದ ಮೇಲೆ ಇಟ್ಟಿರುತ್ತಿದ್ದಳು. ಆದರೆ ಆ ವ್ಯವಹಾರದ ಹೊರಗೆ ಎಷ್ಟೋ ಓಡಾಡಿತು. ನಾಗರಪಂಚಮಿಗೆ ಇಲ್ಲಿಂದ ಶೇಂಗಾ ಉಂಡಿ ಹೋದರೆ ಅಲ್ಲಿಂದ ಜೈಸಿಂಗಪುರದ ಭಡಂಗ ಬಂತು. ಬಳ್ಳೊಳ್ಳಿ ಒಗ್ಗರಣೆಯ ಆ ಚುರುಮರಿಯನ್ನು ಅವ್ವ ನಮ್ಮ ತಂಗಿಯರಿಗೆ ಎಣಿಸಿ ಹಂಚುತ್ತಿದ್ದಳಂತೆ. ಕೃಷ್ಣಾ ದಂಡೆಯ ಬದನಿಕಾಯಿ ಕಾಲದಲ್ಲಿ ಎಣ್ಣೆಗಾಯಿ ಹೋಯಿತು. ನರಸೋಬವಾಡಿಗೆ ಹೋಗಿ ಬಂದಾಗ ಮಾಮಾ ಕವಠದ ಬರ್ಫಿ ತಂದರು. ಬೇಲದ ಹಣ್ಣಿನಿಂದ ಬರ್ಫಿ ಮಾಡಬಹುದೆಂದು ನಮ್ಮಪ್ಪ ನಂಬಲಿಲ್ಲ, ತಿಂದ ಮೇಲೆ ನಂಬಿದರು. ಅದೇ ದತ್ತನ ಕ್ಷೇತ್ರದ ಬಾಸುಂದಿ ಡಬ್ಬಿಯಲ್ಲಿ ಬರಲಿಕ್ಕಾಗದು, ಅದನ್ನು ಮಾತ್ರ ಅಲ್ಲೇ ಕೃಷ್ಣಾ-ಪಂಚಗಂಗೆಯ ಸಂಗಮದಲ್ಲಿ ಕೂತು ತಿನ್ನಬೇಕು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ ನಮ್ಮಲ್ಲಿ ಗಡ್ಡೆ ಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಇಲ್ಲ. ಹೊತ್ತು ಮುಳುಗುವ ಮೊದಲೇ ಊಟ. ಅವ್ವ ಮೊದಲೇ ಹೇಳಿ ಕಳಿಸಿದ್ದಳು. ನನಗೆ ಇಪ್ಪತ್ತರ ವಯಸ್ಸು, ರಾತ್ರಿಯೆಲ್ಲ ನಿಂತು ಬಂದ ಮೈ, ಎದುರಿಗೆ ಕೆಂಪಗೆ ಕುದಿಯುವ ಪಾತೇಲಿ. ಮೂರನೇ ದಿನ ನಾನು ಅಂಗೈ ಬಗ್ಗಿಸಿ ಸನ್ನೆ ಮಾಡಿದೆ. ಮಾಮಾ ನೋಡಿಯೂ ನೋಡದವರ ಹಾಗೆ ಬೇರೆಯವರಿಗೆ ಬಡಿಸಿದರು. ಇನ್ನೊಮ್ಮೆ ಮಾಡಿದೆ. ಅವರು ಸೌಟು ಕೆಳಗಿಟ್ಟು ಹತ್ತಿರ ಬಂದು, “ತುಝ್ಯಾ ಆಯೀಲಾ ಮೀ ಕಾಯ ಸಾಂಗೂ?” ಎಂದರು. ನಿನ್ನ ಅವ್ವನಿಗೆ ನಾನೇನು ಹೇಳಲಿ? ಆಮೇಲೆ ಚಹಾ ಕೊಟ್ಟರು. ಪಕ್ಕದಲ್ಲಿ ನನ್ನ ಜೋಡಿದಾರ, ಅವನು ಲಿಂಗವಂತ, ಅವನಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಅವನೂ ತನ್ನ ತಾಟು ಮುಟ್ಟದೆ ನನ್ನ ಜೊತೆ ಚಹಾದಲ್ಲಿ ರೊಟ್ಟಿ ಅದ್ದಿಕೊಂಡು ತಿಂದ. ಉಳಿದ ಏಳು ದಿನ ಗಾಡಾದ ಮುಂದೆ ನಿಂತರೂ ನಮಗಿಬ್ಬರಿಗೂ ಚಹಾನೇ. ಅದಕ್ಕೆ ಮಾಮಾ ರೊಕ್ಕ ಇಸಿದುಕೊಳ್ಳಲಿಲ್ಲ.

ಇಚಲಕರಂಜಿಯಲ್ಲಿ ಕಾರಹುಣ್ಣಿಮೆಗೆ ಒಂದು ಹೆಸರಿದೆ, ಹೊರಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಮರಾಠಿ ಮಾತಾಡುವ ಆ ಊರಿನ ಜನ ಆ ಹಬ್ಬವನ್ನು ‘ಕರ್ನಾಟಕಿ ಬೆಂದೂರ’ ಎಂದೇ ಕರೆಯುತ್ತಾರೆ. ಎತ್ತುಗಳ ಹಬ್ಬ. ಜ್ಯೇಷ್ಠದ ಹುಣ್ಣಿಮೆಗೆ ಇದು, ಅವರ ಮಹಾರಾಷ್ಟ್ರಿ ಬೆಂದೂರ ಆಮೇಲೆ. ಎತ್ತುಗಳಿಂದ ಮರದ ದಿಮ್ಮಿ ಎಳೆಸುವ ಸ್ಪರ್ಧೆ ನಡೆಯುತ್ತದೆ, ಸಂಜೆ ನಮ್ಮಲ್ಲಿ ಎತ್ತು ಓಡಿಸಿ ಕರಿ ಹರಿಯುವ ಹಾಗೆ ಅಲ್ಲಿ ಕರ ತೋಡುತ್ತಾರೆ. ಮೊದಲ ವರ್ಷ ಆ ಹೆಸರು ಕೇಳಿದಾಗ ನನಗೆ ಗಂಟಲು ತುಂಬಿ ಬಂದಿತ್ತು. ನನ್ನ ಭಾಷೆಯವರು ಇಲ್ಲಿಗೆ ನನಗಿಂತ ಎಷ್ಟೋ ತಲೆಮಾರು ಮೊದಲೇ ಎತ್ತು ಹೊಡಕೊಂಡು ಬಂದಿದ್ದಾರೆ ಎಂದು ಆ ಒಂದು ಹೆಸರೇ ಹೇಳಿತು.

ಮುಂದೊಂದು ಕಾರಹುಣ್ಣಿಮೆಗೆ ಮೊದಲ ಬಸ್ಸಿನಲ್ಲಿ ಎರಡು ಡಬ್ಬಿ ಬಂದವು, ಎರಡಕ್ಕೂ ಹಸಿರಂಚು. ಒಂದರಲ್ಲಿ ಕಡಲೆಬೇಳೆ ಹೋಳಿಗೆ, ಇನ್ನೊಂದರಲ್ಲಿ ಕಟ್ಟಿನ ಸಾರು. ಎರಡನೇ ಡಬ್ಬಿ ಯಾರಿಗೆಂದು ಹೇಳಬೇಕಾದದ್ದೇ ಇರಲಿಲ್ಲ. ಮಾಮಾ ಮುಚ್ಚಳ ತೆಗೆದು ಸಾರು ಕುಡಿದು, “ಅರೇ, ಹೀ ತರ ಕಟಾಚೀ ಆಮಟೀ!” ಎಂದು ಜೋರಾಗಿ ಅಂದರು. ನಮ್ಮದು ಕಟ್ಟಿನ ಸಾರು, ಅವರದು ಕಟಾಚೀ ಆಮಟೀ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ನೀರು ಎರಡು ಕಡೆಯೂ ಕಟ್ಟೇ. ಪಾತೇಲಿಯಲ್ಲಿ ಕುದಿಯುವ ಕೆಂಪು ತಿಳಿಗೂ ಅದೇ ಹೆಸರು. ಇಷ್ಟು ವರ್ಷ ಉಂಡರೂ ಮೂರೂ ಒಂದೇ ಮಾತು ಎಂದು ನನಗೆ ಹೊಳೆದಿರಲಿಲ್ಲ. ಆವತ್ತು ಗಾಡಾದ ಪಾತೇಲಿಯನ್ನು ಒಲೆಯಿಂದ ಇಳಿಸಿ ಮಾಮಾ ಅವ್ವನ ಸಾರನ್ನು ಬಿಸಿಗಿಟ್ಟರು. ಗಿರಾಕಿಗಳು ನಿಂತೇ ಇದ್ದರು, ಯಾರೂ ಗೊಣಗಲಿಲ್ಲ. ಹೋಳಿಗೆ ತುಂಡು ತುಂಡಾಗಿ ಮೂವತ್ತು ಕೈಗೆ ಹೋಯಿತು.

ಒಂದು ಶ್ರಾವಣದಲ್ಲಿ ನೀರು ಬಂತು. ಶಿರೋಳ ತಾಲೂಕಿಗೆ ನಾಲ್ಕು ನದಿ: ಕೃಷ್ಣಾ, ಪಂಚಗಂಗಾ, ವಾರಣಾ, ದೂಧಗಂಗಾ. ಎಲ್ಲವೂ ಒಟ್ಟಿಗೆ ಉಬ್ಬಿದರೆ ನೀರಿಗೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ಸರಿದು ರಸ್ತೆ ಏರುತ್ತದೆ. 2005ರಲ್ಲಿ, 2019ರಲ್ಲಿ, 2021ರಲ್ಲಿ ಎಲ್ಲರೂ ಟಿ.ವಿ.ಯಲ್ಲಿ ಕಂಡರು, ನಮಗದು ಮೊದಲಿನಿಂದ ಗೊತ್ತಿದ್ದ ಸಂಗತಿ. ಐದು ದಿನ ಬಸ್ಸು ಬರಲಿಲ್ಲ. ಬುತ್ತಿಯೂ ಇಲ್ಲ, ಸುದ್ದಿಯೂ ಇಲ್ಲ. ನಾನು ದಿನಾ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಖಾಲಿ ಕೈಯಲ್ಲಿ ಗಾಡಾಕ್ಕೆ ಬರುತ್ತಿದ್ದೆ. ಎರಡನೇ ದಿನವೇ ಮಾಮಾನ ಮನೆಯಿಂದ ರೊಟ್ಟಿ ಬಂದವು. ಅವರ ಮನೆಯ ವೈನಿ ಬಡಿದದ್ದು, ನಮ್ಮ ರೊಟ್ಟಿಗಿಂತ ಸ್ವಲ್ಪ ದಪ್ಪ. ಆರು. ಎಣಿಸಿ ನೋಡಿದೆ, ಆರೇ ಇದ್ದವು. ಆರನೇ ದಿನ ಬಸ್ಸು ಬಂದಾಗ ಹಸಿರಂಚಿನ ಗಂಟು ಬಿಚ್ಚುವ ಮೊದಲೇ ಕಂಡಕ್ಟರರು ಹೇಳಿದರು, ನಿಮ್ಮವ್ವ ಆರಾಮ ಇದ್ದಾರೆ, ನಿನಗೆ ಊಟ ಹಾಕಿದವರು ಯಾರೆಂದು ಕೇಳಿಕೊಂಡು ಬರಲು ಹೇಳಿದ್ದಾರೆ.

1992ರಲ್ಲಿ ನಾನು ಊರಿಗೆ ಮರಳಿದೆ. ಕಿವಿ ಮಂದವಾಗತೊಡಗಿತ್ತು, ಹೊಲಕ್ಕೆ ನೀರು ಬಂದಿತ್ತು, ಕಬ್ಬು ಹಾಕಿದೆವು. ಜೋಡಿದಾರನೂ ಸದಲಗಾಕ್ಕೆ ಹೋದ. ನಾವು ದುಡಿದ ಬಗೆಯ ಮಾಗಗಳನ್ನು ಆಮೇಲೆ ಒಡೆದು ಕಬ್ಬಿಣದ ತೂಕಕ್ಕೆ ಮಾರಿದ್ದನ್ನು ನೋಡಿದೆ. ಧೋಟಾ ಇಲ್ಲದ ಹೊಸ ಮಗ್ಗಗಳು ಬಂದವು. 2022ರಲ್ಲಿ ಇಚಲಕರಂಜಿ ಮಹಾನಗರಪಾಲಿಕೆಯಾಯಿತು. ಊರು ಬೆಳೆಯಿತು, ಸಂತೋಷ. ಆದರೆ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಈಗ ಡಬ್ಬಿ ಇಳಿಯುವುದು ಕಾಣುವುದಿಲ್ಲ. ಪ್ರತಿಯೊಬ್ಬ ಹುಡುಗನಿಗೂ ಮೋಟಾರ್‌ಸೈಕಲ್ ಇದೆ, ಹಸಿದರೆ ಎಲ್ಲೆಂದರಲ್ಲಿ ಸಿಗುತ್ತದೆ. ಸಿಗಲಿ. ಹಸಿವಿನ ಸುಖವನ್ನು ನಾನು ಹೊಗಳುವವನಲ್ಲ.

ಅವ್ವ ತೀರಿಕೊಂಡದ್ದು ಒಂದು ಮಾಘ ಮಾಸದಲ್ಲಿ. ಕೊನೆಯವರೆಗೂ ಅವಳು ಆ ಗಾಡಾ ನೋಡಲಿಲ್ಲ. ನೋಡಬೇಕು ಎಂದೂ ಹೇಳಿದವಳಲ್ಲ. ಮೂರನೇ ದಿನ ಮಧ್ಯಾಹ್ನದ ಬಸ್ಸಿಗೆ ಮಾಮಾ ಬಂದಿಳಿದರು. ತಲೆಗೆ ಬಿಳಿ ಟೊಪ್ಪಿ, ಕೈಯಲ್ಲಿ ಒಂದು ಕೈಚೀಲ. ಬಹಳ ಮುದುಕರಾಗಿದ್ದರು. ನಮ್ಮ ಮನೆಯ ದಾರಿ ಕೇಳಿದ್ದು ಅವ್ವನ ಹೆಸರಿನಿಂದಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ‘ಖಾರ ಮಾಡುವ ಆಯಿ’ಯ ಮನೆ ಎಲ್ಲಿ ಎಂದು ಕೇಳಿದರಂತೆ, ಊರಿನವರು ಕರೆದುಕೊಂಡು ಬಂದು ಬಿಟ್ಟರು. ಕಟ್ಟೆಯ ಮೇಲೆ ಕೂತ ನಮ್ಮ ದೊಡ್ಡಪ್ಪ, ಕಾಕಾ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಿದ್ದರು. ಮಾಮಾ ಸುಮ್ಮನೆ ಕೂತಿದ್ದರು. ಆಮೇಲೆ ಕೈಚೀಲದಿಂದ ಒಂದು ತಾಳಿ ತೆಗೆದು ನನ್ನ ಕೈಗೆ ಕೊಟ್ಟರು. ನಮ್ಮದೇ ಡಬ್ಬಿಯ ಕೆಳತಾಳಿ, ಕೊನೆಯ ಸಲ ಖಾರ ತುಂಬಿ ಕಳಿಸಿದ್ದು, ಅಲ್ಲೇ ಉಳಿದಿತ್ತು. ಬೂದಿ ಹಚ್ಚಿ ಬೆಳ್ಳಗೆ ತಿಕ್ಕಿದ್ದರು. ಒಳಗೆ ಮಾತ್ರ ಅಂಚಿನ ಸುತ್ತ ಕೆಂಪು ಬಣ್ಣ ಹೋಗಿರಲಿಲ್ಲ. ನನ್ನ ಹೆಂಡತಿ ಅವರಿಗೆ ರೊಟ್ಟಿ ಬಡಿಸಿದಳು. ಅವರು ಅಂಚನ್ನು ಮುರಿದು ನೋಡಿದರು, ತಲೆ ಆಡಿಸಿದರು.

ಮಾಮಾ ಹೋಗಿಯೂ ಈಗ ಕೆಲವು ವರ್ಷವಾಯಿತು. ಗಾಡಾ ಅವರ ಮಗ ನಡೆಸುತ್ತಾನೆ, ಇದ್ದಿಲಿನ ಬದಲು ಗ್ಯಾಸು. ಈ ವೈಶಾಖದಲ್ಲೂ ಗಡಹಿಂಗ್ಲಜದಿಂದ ಮೆಣಸಿನಕಾಯಿ ತಂದೆವು, ನನ್ನ ಸೊಸೆ ಡಂಕಕ್ಕೆ ಹೋಗಿ ಕುಟ್ಟಿಸಿ ತಂದಳು. ಒಂದು ಕಿಲೋ ಸದಲಗಾದ ಜೋಡಿದಾರನ ಮನೆಗೆ ಹೋಯಿತು. ಐದು ಕಿಲೋ ಇಚಲಕರಂಜಿಗೆ, ಮೊದಲ ಬಸ್ಸಿಗೆ.